ದೂರದ ಸ್ಫೋಟ ಕೇಳುವ ಕಿವಿ, ಮನೆಯೊಳಗಿನ ಬಿರುಕು

ಗೌರಿಬಿದನೂರಿನ ಸುತ್ತಲಿನ ಬಂಡೆನೆಲದಲ್ಲಿ 1965ರಿಂದ ಕಂಪನಮಾಪಕಗಳ ಒಂದು ವ್ಯೂಹ ಕೆಲಸ ಮಾಡುತ್ತಿದೆ. ಇಂಗ್ಲಿಷಿನ 'ಎಲ್' ಅಕ್ಷರದ ಆಕಾರದಲ್ಲಿ, ಎರಡು ತೋಳುಗಳಾಗಿ ಹಲವು ಕಿಲೋಮೀಟರ್ ಚಾಚಿಕೊಂಡಿರುವ ಈ ವ್ಯೂಹವನ್ನು ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಸಹಕಾರದಿಂದ ಸ್ಥಾಪಿಸಲಾಯಿತು. ಇದನ್ನು ನಡೆಸುತ್ತಿರುವುದು ಭಾಭಾ ಅಣು ಸಂಶೋಧನಾ ಕೇಂದ್ರ. ಜಗತ್ತಿನ ಯಾವುದೋ ಮೂಲೆಯಲ್ಲಿ, ಭೂಮಿಯ ಒಡಲಲ್ಲಿ ನಡೆಯುವ ಪರಮಾಣು ಸ್ಫೋಟವನ್ನು ಸಹಜ ಭೂಕಂಪದಿಂದ ಬೇರ್ಪಡಿಸಿ ಗುರುತಿಸುವುದು ಅದರ ಕೆಲಸ. 1998ರ ಮೇ 28ರಂದು ಪಾಕಿಸ್ತಾನ ಚಾಗೈ ಬೆಟ್ಟದಲ್ಲಿ ನಡೆಸಿದ ಪರೀಕ್ಷೆಯ ಕಂಪನವೂ ಇಲ್ಲಿ ದಾಖಲಾಯಿತು. ಎಷ್ಟು ಗಂಟೆಗೆ, ಎಷ್ಟು ತೀವ್ರತೆಯಲ್ಲಿ ಎಂಬುದನ್ನು ನಮ್ಮ ವಿಜ್ಞಾನಿಗಳು ಲೋಕಕ್ಕೆ ತಿಳಿಸಲು ಹಿಂಜರಿಯಲಿಲ್ಲ.

ಅನ್ಯರು ಮುಚ್ಚಿಡಬಯಸುವುದನ್ನು ಇಷ್ಟು ಸೂಕ್ಷ್ಮವಾಗಿ ಆಲಿಸಬಲ್ಲ ಸಂಸ್ಥೆಯೇ ಮುಂಬಯಿಯ ಟ್ರಾಂಬೆಯಲ್ಲಿ ಸಂಶೋಧನಾ ರಿಯಾಕ್ಟರುಗಳನ್ನು ನಡೆಸುತ್ತಿದೆ. ಅವುಗಳ ಒಡಲಲ್ಲಿ ಒಂದು ಇಂಧನ ಸರಳಿನ ಹೊದಿಕೆ ಬಿರುಕುಬಿಟ್ಟರೆ ಅದು ಯಾರಿಗೆ, ಯಾವಾಗ, ಎಷ್ಟರಮಟ್ಟಿಗೆ ತಿಳಿಯಬೇಕು? ಪರಮಾಣು ವಿದ್ಯುತ್ತಿಗೆ ಖಾಸಗಿ ಬಂಡವಾಳವನ್ನೂ ಕರೆದಿರುವ ಈ ಹೊತ್ತಿನಲ್ಲಿ ಈ ಪ್ರಶ್ನೆಯನ್ನು ತಜ್ಞರಿಗಷ್ಟೇ ಬಿಟ್ಟು ಸುಮ್ಮನಿರುವುದು ಸರಿಯಲ್ಲ.

ಮೊದಲು ವಿಷಯವನ್ನು ತಿಳಿಯೋಣ. ಚಿಂತಾಮಣಿ ಕಡೆಯ ಓದುಗರಿಗೆ ಯುರೇನಿಯಂ ಎಂದೊಡನೆ ಕೊಳವೆಬಾವಿ ನೆನಪಾಗಬಹುದು. ಕೋಲಾರ, ಚಿಕ್ಕಬಳ್ಳಾಪುರ ಸೇರಿದಂತೆ ಪೂರ್ವ ಕರ್ನಾಟಕದ ಆಳದ ಅಂತರ್ಜಲದಲ್ಲಿ ಅದರ ಅಂಶ ಮಿತಿಮೀರಿರುವುದನ್ನು ವಿಜ್ಞಾನಿಗಳು ಪ್ರಕಟಿಸಿದ್ದಾರೆ. ಅದು ಗ್ರಾನೈಟ್ ಶಿಲೆಯಿಂದ ಕರಗಿ ಬಂದದ್ದು; ಅದರ ಮುಖ್ಯ ಅಪಾಯ ಮೂತ್ರಪಿಂಡಕ್ಕೆ. ರಿಯಾಕ್ಟರಿನೊಳಗಿನ ಮಾತೇ ಬೇರೆ. ಅಲ್ಲಿ ಯುರೇನಿಯಂ ಪರಮಾಣು ಒಡೆದಾಗ ಅಯೋಡಿನ್, ಸೀಸಿಯಂ, ಕ್ಸೆನಾನ್ ಮುಂತಾದ ವಿದಳನ ಶೇಷಗಳು ಹುಟ್ಟುತ್ತವೆ. ಇವು ಯುರೇನಿಯಂಗಿಂತ ಎಷ್ಟೋ ಪಾಲು ಹೆಚ್ಚು ವಿಕಿರಣಶೀಲ. ಇವನ್ನು ಇಂಧನದೊಳಗೇ ಹಿಡಿದಿಡುವುದು ಒಂದು ತೆಳುವಾದ ಲೋಹದ ಹೊದಿಕೆ. ಟ್ರಾಂಬೆಯ ಹಳೆಯ ಸೈರಸ್ ರಿಯಾಕ್ಟರಿನಲ್ಲೂ ಧ್ರುವದಲ್ಲೂ ಈ ಹೊದಿಕೆ ಅಲ್ಯೂಮಿನಿಯಂನದು. ವಿಕಿರಣ ಹೊರಬಾರದಂತೆ ಕಟ್ಟಿರುವ ತಡೆಗೋಡೆಗಳ ಸಾಲಿನಲ್ಲಿ ಅತ್ಯಂತ ಒಳಗಿನದು, ಅತ್ಯಂತ ತೆಳುವಾದದ್ದು ಇದೇ.

ಹೊದಿಕೆ ಸೀಳಿದ್ದನ್ನು ಯಾರೂ ಇಣುಕಿ ನೋಡಿ ಕಂಡುಹಿಡಿಯಲಾರರು. ಮೊದಲ ಸುಳಿವು ಸಿಗುವುದು ಇಂಧನವನ್ನು ತಂಪುಮಾಡುವ ನೀರಿನಲ್ಲಿ. ಅದರಲ್ಲಿ ವಿಕಿರಣದ ಮಟ್ಟ ಏರುತ್ತದೆ. ವಿದಳನ ಶೇಷಗಳು ತಡವಾಗಿ ಹೊರಸೂಸುವ ನ್ಯೂಟ್ರಾನುಗಳು ಮಾಪಕಕ್ಕೆ ಸಿಗುತ್ತವೆ. ಅಯೋಡಿನ್-131ರ ಅರ್ಧಾಯುಷ್ಯ ಕೇವಲ 8 ದಿನ, ಸೀಸಿಯಂ-137ರದು ಸುಮಾರು 30 ವರ್ಷ. ಇಂತಹ ಧಾತುಗಳ ಪ್ರಮಾಣವನ್ನು ಹೋಲಿಸಿ ನೋಡಿದರೆ ಬಿರುಕು ಹೊಸದೇ ಹಳೆಯದೇ ಎಂದು ಅನುಭವಸ್ಥರು ಊಹಿಸಬಲ್ಲರು. ಬಳಿಕ ಯಾವ ಕೊಳವೆಯ ನೀರು ಕೆಟ್ಟಿದೆ ಎಂದು ಒಂದೊಂದನ್ನೇ ಪರೀಕ್ಷಿಸಿ ಅಪರಾಧಿಯನ್ನು ಹಿಡಿಯಬೇಕು. ಆ ಸರಳನ್ನು ದೂರನಿಯಂತ್ರಣದಿಂದ ಹೊರತೆಗೆದು ಆಳವಾದ ನೀರಿನ ಕೊಳಕ್ಕೆ ಇಳಿಸಲಾಗುತ್ತದೆ. ಅಲ್ಲಿ ನೀರೇ ಕವಚ. ನೀರೊಳಗಿನ ಕ್ಯಾಮೆರಾ ಅದರ ಮೈಯನ್ನು ಇಂಚಿಂಚಾಗಿ ನೋಡುತ್ತದೆ. ಇನ್ನೂ ಆಳವಾದ ತಪಾಸಣೆ ಬೇಕಿದ್ದರೆ ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಯೊಳಗೆ, ಸೀಸದ ಗಾಜಿನ ಆಚೆ ನಿಂತು ಯಂತ್ರದ ಕೈಗಳಿಂದ ಸರಳನ್ನು ಕತ್ತರಿಸಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಸವೆತವೇ, ತುಕ್ಕೇ, ತಯಾರಿಕೆಯ ದೋಷವೇ, ಅಥವಾ ಎತ್ತಿ ಇಳಿಸುವಾಗ ತಗುಲಿದ ಪೆಟ್ಟೇ ಎಂಬುದು ತಿಳಿಯುವುದು ಅಲ್ಲಿ. ಇದು ತಾಳ್ಮೆಯ ಕೆಲಸ. ಇದರಲ್ಲಿ ನಮ್ಮವರ ಕೌಶಲದ ಬಗ್ಗೆ ನನಗೆ ಸಂಶಯವಿಲ್ಲ.

ಆ ಕೌಶಲಕ್ಕೆ ಧ್ರುವ ರಿಯಾಕ್ಟರಿನ ಕಥೆಯೇ ಸಾಕ್ಷಿ. 100 ಮೆಗಾವಾಟ್ ಸಾಮರ್ಥ್ಯದ ಈ ರಿಯಾಕ್ಟರನ್ನು ನಮ್ಮವರೇ ವಿನ್ಯಾಸ ಮಾಡಿ ಕಟ್ಟಿದರು. 1985ರ ಆಗಸ್ಟ್ 8ರಂದು ಅದರಲ್ಲಿ ಸರಪಣಿ ಕ್ರಿಯೆ ಆರಂಭವಾಯಿತು. ಶಕ್ತಿಯನ್ನು ಏರಿಸುತ್ತಿದ್ದಂತೆ ತೊಂದರೆ ಕಾಣಿಸಿಕೊಂಡಿತು. ರಭಸವಾಗಿ ಹರಿಯುವ ಭಾರಜಲದಲ್ಲಿ ಇಂಧನದ ಗೊಂಚಲುಗಳು ನಡುಗಿದವು. ನಡುಕದಿಂದ ಹೊದಿಕೆ ಸವೆಯಿತು. ಯುರೇನಿಯಂ ಭಾರಜಲಕ್ಕೆ ಸೇರಿತು. ಗೊಂಚಲಿನ ರಚನೆಯನ್ನು ಬದಲಿಸಿ, ಅಲುಗದಂತೆ ಬಿಗಿಗೊಳಿಸಿ, ಮತ್ತೆ ಪರೀಕ್ಷಿಸಿ ಪೂರ್ಣ ಶಕ್ತಿ ಮುಟ್ಟುವಷ್ಟರಲ್ಲಿ 1988 ಬಂದಿತ್ತು. ತೊಂದರೆ ಹುಟ್ಟಿದಾಗ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ತುಮಕೂರಿನಲ್ಲಿ ಜನಿಸಿದ ರಾಜಾ ರಾಮಣ್ಣ. ಬಗೆಹರಿಯುವ ಹೊತ್ತಿಗೆ ಆ ಸ್ಥಾನದಲ್ಲಿದ್ದವರು ಬೆಂಗಳೂರಿನ ಎಂ.ಆರ್. ಶ್ರೀನಿವಾಸನ್. ಇಬ್ಬರೂ ನಾಡಿನ ಹೆಮ್ಮೆ. ಆದರೆ ಏನಾಯಿತು, ಏಕಾಯಿತು ಎಂಬುದರ ವಿವರವಾದ ಕಥನ ಹೊರಬಂದದ್ದು ಬಹುಕಾಲದ ನಂತರ, ತಾಂತ್ರಿಕ ನಿಯತಕಾಲಿಕೆಗಳಲ್ಲಿ, ತಂತ್ರಜ್ಞರು ತಂತ್ರಜ್ಞರಿಗಾಗಿ ಬರೆದ ಪ್ರಬಂಧಗಳಲ್ಲಿ. ಪರಿಹಾರದ ಬಗ್ಗೆ ಸಮಾಧಾನದಿಂದ ಬರೆಯಬಹುದಾದಾಗ ಮಾತ್ರ ದೋಷದ ಬಗ್ಗೆ ಬರೆಯುವುದು ಎಲ್ಲ ಇಲಾಖೆಗಳ ಹಳೆಯ ಅಭ್ಯಾಸ. ಸರ್ಕಾರಿ ಕಡತಗಳೊಂದಿಗೆ ಬದುಕು ಸವೆಸಿದವರಿಗೆ ಇದು ಹೊಸದೇನಲ್ಲ.

ಕಲ್ಪಾಕ್ಕಂನ ಕ್ಷಿಪ್ರ ತಳಿ ಪರೀಕ್ಷಾ ರಿಯಾಕ್ಟರಿನಲ್ಲಿ 1987ರ ಮೇ ತಿಂಗಳಲ್ಲಿ ಇನ್ನೂ ಕಠಿಣವಾದ ಪ್ರಸಂಗ ಎದುರಾಯಿತು. ಗರ್ಭದೊಳಗೇ ಒಂದು ಇಂಧನ ಜೋಡಣೆಯನ್ನು ಸ್ಥಳಾಂತರಿಸುವಾಗ ಅದು ಬಾಗಿತು. ಅಕ್ಕಪಕ್ಕದ ಜೋಡಣೆಗಳ ತಲೆಗಳಿಗೂ ಪೆಟ್ಟಾಯಿತು. ದಾರಿ ತೋರುವ ಕೊಳವೆಯೂ ಬಾಗಿ ಸಿಕ್ಕಿಕೊಂಡಿತು. ಇಲ್ಲಿ ತಂಪುಕಾರಕ ನೀರಲ್ಲ, ದ್ರವ ಸೋಡಿಯಂ. ಅದರ ಮೂಲಕ ಕಣ್ಣು ಹಾಯುವುದಿಲ್ಲ. ಗಾಳಿ ತಾಗಿದರೆ ಉರಿಯುತ್ತದೆ. ಕೊನೆಗೆ ಕೊಳವೆಯನ್ನು ದೂರದಿಂದಲೇ ಕತ್ತರಿಸಿ ಎರಡು ತುಂಡಾಗಿ ಹೊರತೆಗೆಯಲಾಯಿತು. ರಿಯಾಕ್ಟರು ಮತ್ತೆ ನಡೆಯಲು 1989ರವರೆಗೆ ಕಾಯಬೇಕಾಯಿತು.

ಇದಕ್ಕೆದುರಾಗಿ 2021ರ ಫೆಬ್ರುವರಿ 3ರ ಒಂದು ಘಟನೆಯನ್ನು ಇಟ್ಟು ನೋಡಬೇಕು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಗೈದರ್ಸ್‌ಬರ್ಗ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ 20 ಮೆಗಾವಾಟ್ ಸಂಶೋಧನಾ ರಿಯಾಕ್ಟರ್ ಇದೆ. ಹೊಸ ಇಂಧನ ತುಂಬಿದ ಮೇಲೆ ಒಂದು ಘಟಕದ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ರಿಯಾಕ್ಟರು ಚಾಲನೆಯಾಗುತ್ತಿದ್ದಾಗ ಅದು ತನ್ನ ಜಾಗದಿಂದ ಕದಲಿ, ತಂಪು ನೀರು ಸಾಲದೆ, ಭಾಗಶಃ ಕರಗಿತು. ಸಿಬ್ಬಂದಿಗೆ ತಗುಲಿದ ವಿಕಿರಣ ಮಿತಿಯೊಳಗಿತ್ತು. ಅಂದೇ ನಿಯಂತ್ರಣ ಆಯೋಗಕ್ಕೆ ಸುದ್ದಿ ಹೋಯಿತು. ಆಯೋಗ ವಿಶೇಷ ತಪಾಸಣೆ ನಡೆಸಿತು. ವರದಿಗಳನ್ನು ಯಾರು ಬೇಕಾದರೂ ಓದುವಂತೆ ಪ್ರಕಟಿಸಿತು. ಚಿಲಕ ಬಿದ್ದಿದೆಯೇ ಎಂದು ನೋಡುವ ಕ್ರಮ ಸಾಲದಾಗಿತ್ತು, ತರಬೇತಿ ಸಡಿಲವಾಗಿತ್ತು ಎಂಬುದನ್ನು ಮುಚ್ಚುಮರೆಯಿಲ್ಲದೆ ದಾಖಲಿಸಲಾಯಿತು. 2023ರ ಮಾರ್ಚ್‌ವರೆಗೆ ಪುನರಾರಂಭಕ್ಕೆ ಅನುಮತಿ ದೊರೆಯಲಿಲ್ಲ. ಇದೂ ಸರ್ಕಾರಿ ಸಂಸ್ಥೆಯೇ, ಪರಿಶೀಲಿಸಿದ್ದೂ ಸರ್ಕಾರದ ಅಂಗವೇ. ಆದರೆ ಒಂದು ಇನ್ನೊಂದರ ಅಧೀನದಲ್ಲಿರಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ತೋರುವುದು ಇಷ್ಟು. ದೋಷದ ವರದಿಯ ಲಾಭ ಹಂಚಿಹೋಗುತ್ತದೆ, ನಷ್ಟ ಮಾತ್ರ ಒಬ್ಬರ ಮೇಲೆ ಬೀಳುತ್ತದೆ. ಗೈದರ್ಸ್‌ಬರ್ಗ್‌ನ ಚಿಲಕದ ಪಾಠ ಅಂಥದೇ ಚಿಲಕವಿರುವ ಎಲ್ಲ ರಿಯಾಕ್ಟರುಗಳಿಗೂ ಪುಕ್ಕಟೆಯಾಗಿ ದೊರಕಿತು. ಮುಖಭಂಗ, ವಿಚಾರಣೆ, ಎರಡು ವರ್ಷದ ಸ್ಥಗಿತ ಇವೆಲ್ಲ ವರದಿ ಕೊಟ್ಟವರ ಪಾಲಿಗೆ ಬಂದವು. ಇಂತಹ ಸರಕನ್ನು ಯಾರೂ ತಾವಾಗಿ ಸಾಕಷ್ಟು ಉತ್ಪಾದಿಸುವುದಿಲ್ಲ. ಆದ್ದರಿಂದಲೇ ಅದನ್ನು ಕಾನೂನು ಕಡ್ಡಾಯ ಮಾಡಬೇಕು, ಬೇರೊಬ್ಬರು ಪಡೆದುಕೊಳ್ಳಬೇಕು. ಖಾಸಗಿ ಕಂಪನಿ ಬಂದರೆ ಈ ಒತ್ತಡ ಕಡಿಮೆಯಾಗುವುದಿಲ್ಲ. ಷೇರು ಬೆಲೆಯ ಭಯವೂ ಜೊತೆಗೂಡುತ್ತದೆ.

ಇದು ಪರದೇಶದಿಂದ ತರಬೇಕಾದ ತತ್ತ್ವವೂ ಅಲ್ಲ. ಜಮಾಬಂದಿಯಲ್ಲಿ ಗ್ರಾಮಲೆಕ್ಕಿಗರ ಲೆಕ್ಕವನ್ನು ಗ್ರಾಮಲೆಕ್ಕಿಗರೇ ಸರಿಯೆಂದು ರುಜು ಹಾಕುವಂತಿಲ್ಲ, ಮೇಲಿನವರು ಬಂದು ನೋಡಬೇಕು. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಇನ್ನೂ ಹತ್ತಿರದ ನಿದರ್ಶನವಿದೆ. ಗಂಟುರೋಗ ತಾಯಿಯಿಂದ ಮೊಟ್ಟೆಗೆ ದಾಟುತ್ತದೆ. ಹಾಗಾಗಿ ಬಿತ್ತನೆ ಕೋಠಿಯಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ರೋಗಾಣು ಕಂಡರೆ ಆ ಮೊಟ್ಟೆಗಳನ್ನು ನಾಶಮಾಡುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಕಲಿಸಿದ ಕ್ರಮವಿದು. ಕೋಠಿಗೆ ಅದರಿಂದ ನಷ್ಟವೇ. ಆದರೂ ತಪಾಸಣೆ ನಡೆಯುತ್ತದೆ. ಏಕೆಂದರೆ ರೋಗವನ್ನು ಮರೆಮಾಡಿ ಮಾರಿದ ಮೊಟ್ಟೆ ಊರೂರಿನ ಹುಳುಮನೆಗಳನ್ನು ಬರಿದು ಮಾಡುತ್ತದೆ.

ನಮ್ಮ ಪರಮಾಣು ಕ್ಷೇತ್ರದಲ್ಲಿ ಈ ಮೇಲಿನವರು ಯಾರು? 1983ರ ನವೆಂಬರ್‌ನಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ರಚನೆಯಾಯಿತು, ಸರ್ಕಾರಿ ಆದೇಶದ ಮೂಲಕ. ಯಾರನ್ನು ನಿಯಂತ್ರಿಸಬೇಕೋ ಆ ಇಲಾಖೆಯ ಮುಖ್ಯಸ್ಥರೇ ಅಧ್ಯಕ್ಷರಾಗಿರುವ ಆಯೋಗಕ್ಕೆ ಮಂಡಳಿ ವರದಿ ಒಪ್ಪಿಸಬೇಕಿತ್ತು. 2000ದಲ್ಲಿ ಮತ್ತೊಂದು ಆದೇಶ ಹೊರಟು ಭಾಭಾ ಕೇಂದ್ರದ ಸ್ಥಾವರಗಳನ್ನು ಮಂಡಳಿಯ ವ್ಯಾಪ್ತಿಯಿಂದ ಹೊರಗಿಟ್ಟಿತು. ಅವುಗಳ ಸುರಕ್ಷತೆಯ ಪರಿಶೀಲನೆ ಕೇಂದ್ರದ ಒಳಗಿನ ಸುರಕ್ಷತಾ ಮಂಡಳಿಗೇ ಹೋಯಿತು. ಲೆಕ್ಕಿಗರ ಲೆಕ್ಕವನ್ನು ಲೆಕ್ಕಿಗರ ಸೋದರನೇ ನೋಡಿದಂತೆ ಎಂದರೆ ಒರಟಾಯಿತೇನೋ, ಆದರೆ ಸುಳ್ಳಾಗದು. 2012ರಲ್ಲಿ ಮಹಾಲೇಖಪಾಲರು ನಿಯಂತ್ರಣ ಮಂಡಳಿಯ ಅಧೀನ ಸ್ಥಿತಿಯನ್ನು ಕಟುವಾಗಿಯೇ ಟೀಕಿಸಿದರು. ಅದಕ್ಕೂ ಮುನ್ನ 2011ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದ ಸುರಕ್ಷತಾ ಪ್ರಾಧಿಕಾರದ ಮಸೂದೆ ಸದನದ ಅವಧಿಯೊಂದಿಗೇ ಬಿದ್ದುಹೋಯಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾನೂನು 1962ರ ಅಣುಶಕ್ತಿ ಕಾಯ್ದೆಯನ್ನು ಬದಿಗೆ ಸರಿಸಿ, ಖಾಸಗಿಯವರಿಗೆ ಬಾಗಿಲು ತೆರೆದು, ಮಂಡಳಿಗೆ ಶಾಸನದ ಬಲವನ್ನೂ ಕೊಟ್ಟಿತು. ಮೂರನೆಯದು ಸ್ವಾಗತಾರ್ಹ. ಶಾಸನದ ಬಲ ಇದ್ದಮಾತ್ರಕ್ಕೆ ಸ್ವಾತಂತ್ರ್ಯ ಬರುವುದೇ ಎಂಬುದು ನೇಮಕಾತಿ, ಅನುದಾನ ಮತ್ತು ವ್ಯಾಪ್ತಿಯನ್ನು ಅವಲಂಬಿಸಿದೆ.

ದೇಶದ ರಕ್ಷಣೆಗೆ ಸಂಬಂಧಿಸಿದ ರಹಸ್ಯ ರಹಸ್ಯವಾಗಿಯೇ ಇರಬೇಕೆಂಬುದನ್ನು ನಾನು ಒಪ್ಪುತ್ತೇನೆ. ಧ್ರುವದಿಂದ ಪ್ಲುಟೋನಿಯಂ ಎಷ್ಟು ಬರುತ್ತದೆಂದು ಯಾರೂ ಕೇಳುತ್ತಿಲ್ಲ. ಅಲ್ಯೂಮಿನಿಯಂ ಹೊದಿಕೆ ಸವೆದದ್ದು, ಯಾವ ದಿನ ಪತ್ತೆಯಾಯಿತು, ಎಷ್ಟು ಸರಳು ಹೊರತೆಗೆದರು, ನೌಕರರಿಗೆ ಎಷ್ಟು ವಿಕಿರಣ ತಗುಲಿತು ಎಂಬುದರಲ್ಲಿ ಶತ್ರುವಿಗೆ ಉಪಯೋಗವಾಗುವಂಥದು ಏನೂ ಇಲ್ಲ. ಜನ ಗಾಬರಿಯಾಗುತ್ತಾರೆಂಬುದು ಇನ್ನೊಂದು ವಾದ. 2009ರ ನವೆಂಬರ್‌ನಲ್ಲಿ ಕೈಗಾ ಸ್ಥಾವರದ ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಂಯುಕ್ತ ಭಾರಜಲ ಬೆರೆತು ಹಲವು ನೌಕರರು ಅದನ್ನು ಕುಡಿದರು. ನೌಕರರ ಮೂತ್ರಪರೀಕ್ಷೆಯಿಂದ ವಿಷಯ ಗೊತ್ತಾದ ಕೆಲವು ದಿನಗಳ ಬಳಿಕವಷ್ಟೇ ಸಾರ್ವಜನಿಕರಿಗೆ ತಿಳಿಯಿತು. ಉತ್ತರ ಕನ್ನಡದ ಜನ ಗಾಬರಿಯಾದದ್ದು ಟ್ರಿಟಿಯಂನಷ್ಟೇ ಆ ಮೌನದಿಂದಲೂ.

ಹೊಸ ಕಾನೂನಿನ ಅಡಿಯ ನಿಯಮಗಳಲ್ಲಿ ಸಂಶೋಧನಾ ರಿಯಾಕ್ಟರುಗಳ ಬಗ್ಗೆ ಒಂದೆರಡು ಸ್ಪಷ್ಟ ಸಾಲುಗಳು ಬೇಕು. ಇಂಧನದ ಹೊದಿಕೆ ಒಡೆದದ್ದು ದೃಢಪಟ್ಟರೆ ಇಷ್ಟು ಗಂಟೆಯೊಳಗೆ ಮಂಡಳಿಗೆ ತಿಳಿಸಬೇಕು, ಇಷ್ಟು ದಿನದೊಳಗೆ ಸಾರಾಂಶವನ್ನು ಪ್ರಕಟಿಸಬೇಕು, ಕೊಳದ ತಪಾಸಣೆಯ ಪೂರ್ಣ ವರದಿ ಸಿದ್ಧವಾದಾಗ ಅದನ್ನು ದೇಶದ ಇತರ ರಿಯಾಕ್ಟರುಗಳಿಗೆ ಹಂಚಬೇಕು. ರಕ್ಷಣೆಯ ಕಾರಣಕ್ಕೆ ಏನನ್ನಾದರೂ ತಡೆಹಿಡಿದರೆ, ತಡೆಹಿಡಿಯಲಾಗಿದೆ ಎಂಬುದಾದರೂ ದಾಖಲಾಗಬೇಕು. 2018ರಲ್ಲಿ ಚಾಲನೆಗೊಂಡ ಅಪ್ಸರಾ-ಯು ರಿಯಾಕ್ಟರು ಇದಕ್ಕೆ ಒಳ್ಳೆಯ ಆರಂಭವಾದೀತು. ಅದು ವೈದ್ಯಕೀಯ ಐಸೊಟೋಪುಗಳನ್ನೂ ತಯಾರಿಸುವ ರಿಯಾಕ್ಟರು. ಅದರ ಇಂಧನ ಫಲಕಗಳ ಆರೋಗ್ಯದ ವರದಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸಲು ಭಾಭಾ ಕೇಂದ್ರಕ್ಕೆ ಯಾರ ಅಪ್ಪಣೆಯೂ ಬೇಕಿರಲಾರದು.