ಕೀವುಗುಳ್ಳೆಯ ಸೋರಿಯಾಸಿಸ್ಸೂ ನೂತನ ಔಷಧವೂ

ಮೊಣಕೈ, ಮೊಣಕಾಲು, ನೆತ್ತಿ ಇವುಗಳಲ್ಲಿ ಬಿಳಿಯ ಹೊಟ್ಟು ಏಳುವ ಸೋರಿಯಾಸಿಸ್ ಎಂಬ ರೋಗವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡೇ ಇರುವರು. ಅದು ವರ್ಷಗಟ್ಟಲೆ ಕಾಡುವುದಾದರೂ ಅದರಿಂದ ತತ್‌ಕ್ಷಣದ ಪ್ರಾಣಭಯವು ಅಪರೂಪ. ಅದೇ ಕುಲಕ್ಕೆ ಸೇರಿದ, ಅತ್ಯಂತ ವಿರಳವೂ ಉಗ್ರವೂ ಆದ ಇನ್ನೊಂದು ರೋಗವುಂಟು. ಮೈಯೆಲ್ಲ ಕೆಂಪೇರಿ ಉರಿಯುವುದು, ಚಳಿಜ್ವರ ಬರುವುದು, ಸೂಜಿಯ ತಲೆಯಷ್ಟು ಸಣ್ಣ ಕೀವುಗುಳ್ಳೆಗಳು ಸಾವಿರಾರಾಗಿ ಎದ್ದು ಒಂದಕ್ಕೊಂದು ಕೂಡಿಕೊಳ್ಳುವುವು. 1910ರಲ್ಲಿ ಲಿಯೋ ಫಾನ್ ಜುಂಬುಷ್ ಎಂಬ ಚರ್ಮವೈದ್ಯನು ಇದನ್ನು ವರ್ಣಿಸಿದನು. ಚಿಕಿತ್ಸೆ ತಡವಾದರೆ ರಕ್ತವು ನಂಜೇರಿಯೋ ಹೃದಯವು ಸೋತೋ ರೋಗಿಯು ಸಾಯುವುದುಂಟು.

ಆ ಕೀವಿನಲ್ಲಿ ರೋಗಾಣುವಿಲ್ಲ. ಇದು ಅಂಟುರೋಗವೂ ಅಲ್ಲ. ದೇಹದ ರಕ್ಷಣಾಶಕ್ತಿಯೇ ಅಂಕೆ ಮೀರಿ ಚರ್ಮದ ಮೇಲೆ ಎರಗುವುದರ ಫಲವಿದು. ಇಂಟರ್‌ಲ್ಯೂಕಿನ್-36 ಎಂಬ ಸಂದೇಶದ್ರವ್ಯಕ್ಕೆ ದೇಹದಲ್ಲಿಯೇ ಒಂದು ತಡೆಯುಂಟು. ಕೆಲವು ರೋಗಿಗಳಲ್ಲಿ ಹುಟ್ಟಿನಿಂದಲೇ ಆ ತಡೆಯು ಕೆಟ್ಟಿರುವುದೆಂದು 2011ರಲ್ಲಿ ಟ್ಯುನೀಷಿಯಾ ದೇಶದ ಕೆಲವು ಕುಟುಂಬಗಳ ಪರೀಕ್ಷೆಯಿಂದ ಗೊತ್ತಾಯಿತು. ನಮ್ಮ ಹೊಳೆಬದಿಯ ಗದ್ದೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಟ್ಟದ ಕಿಂಡಿಗೆ ಹಲಗೆಯಿಲ್ಲದಿದ್ದರೆ ಭರತದ ಉಪ್ಪುನೀರು ಗದ್ದೆಗೆ ನುಗ್ಗದೆ ಬಿಡುವುದೆ?

ಆ ಕಿಂಡಿಗೆ ಹಲಗೆಯಿಡುವ ಮದ್ದೇ ಸ್ಪೆಸೊಲಿಮಾಬ್. ಹಳೆಯ ಔಷಧಗಳಂತೆ ರಕ್ಷಣಾಶಕ್ತಿಯನ್ನೆಲ್ಲ ಕುಗ್ಗಿಸದೆ, ಆ ಒಂದು ಸಂದೇಶವನ್ನು ಮಾತ್ರ ಇದು ತಡೆಯುವುದು. 53 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 900 ಮಿಲಿಗ್ರಾಮನ್ನು ಒಮ್ಮೆ ನರಕ್ಕೆ ಕೊಟ್ಟ 35 ಮಂದಿಯಲ್ಲಿ 19 ಮಂದಿಗೆ ಒಂದೇ ವಾರದೊಳಗೆ ಕಣ್ಣಿಗೆ ಕಾಣುವ ಗುಳ್ಳೆಯೊಂದೂ ಉಳಿಯಲಿಲ್ಲ. ಮದ್ದಿಲ್ಲದ ಬರಿಯ ದ್ರವವನ್ನು ಪಡೆದ 18 ಮಂದಿಯಲ್ಲಿ ಹಾಗಾದುದು ಒಬ್ಬರಿಗೆ ಮಾತ್ರ. 2022ರ ಸೆಪ್ಟೆಂಬರಿನಲ್ಲಿ ಅಮೇರಿಕೆಯು ಇದಕ್ಕೆ ಅನುಮತಿಯಿತ್ತಿತು. 2024ರಲ್ಲಿ ರೋಗವು ಮರುಕಳಿಸದಂತೆ ಕೊಡುವುದಕ್ಕೂ ಒಪ್ಪಿತು.

ಇದು ಸಂತೋಷದ ವಾರ್ತೆಯೇ ಸರಿ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ರೋಗಿಗೆ ಇದರಿಂದ ಏನು ಬಂತು? ಸೋರಿಯಾಸಿಸ್ ಇರುವವನು ನಾಚಿಕೆಯಿಂದ ಅಂಗಿಯ ತೋಳನ್ನು ಇಳಿಬಿಟ್ಟುಕೊಂಡು ತಿರುಗುವನು. ಮನೆಯವರು ನಾಗದೋಷವೆನ್ನುವರು. ನಾಗನ ಸೇವೆಯನ್ನು ಬಿಡಿರೆಂದು ನಾವು ಹೇಳುವವರಲ್ಲ. ಹರಕೆ ಹೊತ್ತ ದಿನವೇ ಡಾಕ್ಟರನ್ನೂ ಕಾಣಲಿ ಎಂಬುದಷ್ಟೆ ನಮ್ಮ ಬಿನ್ನಹ. ಇದಕ್ಕಿಂತ ಕೆಟ್ಟುದು ಸ್ಟಿರಾಯ್ಡ್ ಮಾತ್ರೆ. ಚೀಟಿಯಿಲ್ಲದೆ ಕೊಂಡುದಾಗಲಿ, ಹೆಸರಿಲ್ಲದ ಪುಡಿಯಲ್ಲಿ ಬೆರೆತುದಾಗಲಿ, ಅದನ್ನು ನುಂಗಿದರೆ ನಾಲ್ಕು ದಿನಗಳಲ್ಲಿ ಚರ್ಮವು ನಯವಾಗುವುದು. ಗುಣವಾಯಿತೆಂದು ತಟ್ಟನೆ ನಿಲ್ಲಿಸಿದರೋ, ಸಾಮಾನ್ಯ ಸೋರಿಯಾಸಿಸ್ಸೇ ಈ ಕೀವುಗುಳ್ಳೆಯ ರೂಪವನ್ನು ತಾಳಬಹುದು. ವೈದ್ಯಗ್ರಂಥಗಳು ಇದನ್ನು ಬಹುಕಾಲದಿಂದ ಹೇಳುತ್ತ ಬಂದಿವೆ. ಅಂಗಡಿಯವರ ಕಿವಿಗೆ ಅದು ಬಿದ್ದಂತಿಲ್ಲ.

ಗುಳ್ಳೆಯೂ ಜ್ವರವೂ ಕೂಡಿ ಬಂದರೆ ಸೋಂಕೆಂದು ಭಾವಿಸಿ ದಿನ ಕಳೆಯಬಾರದು. ಬ್ರಹ್ಮಾವರದವರಿಗೆ ಮಣಿಪಾಲವು ಹತ್ತಿರ; ಬೈಂದೂರಿನವರಿಗೆ ಸುಮಾರು 70 ಕಿಲೋಮೀಟರು. 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು ಸ್ಥಾಪಿಸಿದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಚರ್ಮರೋಗ ವಿಭಾಗವುಂಟು. ಹೊಸ ಮದ್ದು ದೊರೆಯದಲ್ಲಿಯೂ ಸೈಕ್ಲೊಸ್ಪೋರಿನ್, ಮೆಥೊಟ್ರೆಕ್ಸೇಟ್, ಅಸಿಟ್ರೆಟಿನ್ ಎಂಬ ಹಳೆಯ ಔಷಧಗಳಿವೆ (ಕೊನೆಯ ಎರಡನ್ನು ಗರ್ಭಿಣಿಯರಿಗೆ ಕೊಡಲಾಗದು). ಬೇಗನೆ ಆರಂಭಿಸಿದರೆ ಜೀವ ಉಳಿಸಬಲ್ಲುವು.

ಉಳಿದುದು ಕ್ರಯದ ಮಾತು. ಹೊಸ ಮದ್ದಿನ ಕ್ರಯವು ಮೀನುಗಾರನ ಸಂಸಾರಕ್ಕಿರಲಿ, ಗುಮಾಸ್ತನ ಸಂಸಾರಕ್ಕೂ ಎಟಕುವಂತಹುದಲ್ಲ. ಇಂತಹ ಔಷಧಗಳನ್ನು ತಯಾರಿಸುವ ವಿದ್ಯೆ ನಮ್ಮವರಿಗೆ ಬಾರದುದೂ ಅಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2013ರಲ್ಲಿಯೇ ಸಾಮಾನ್ಯ ಸೋರಿಯಾಸಿಸ್ಸಿಗಾಗಿ ಇಟೊಲಿಜುಮಾಬನ್ನು ಮಾರುಕಟ್ಟೆಗೆ ತಂದಿತು. ಅದರ ಉಸ್ಟೆಕಿನುಮಾಬಿಗೆ 2024ರಲ್ಲಿ ಅಮೇರಿಕೆಯೇ ಒಪ್ಪಿಗೆ ಕೊಟ್ಟಿತು. ಇವೆರಡೂ ಈ ಉಗ್ರರೋಗಕ್ಕೆಂದು ಸಿದ್ಧವಾದುವಲ್ಲ ನಿಜ. ಆದರೆ ಆ ಕೌಶಲವು ನಮ್ಮ ನಾಡಿನಲ್ಲಿಯೇ ಇದೆ. 2021ರ ವಿರಳರೋಗಗಳ ರಾಷ್ಟ್ರೀಯ ನೀತಿಯಂತೆ ಗೊತ್ತುಪಡಿಸಿದ ರೋಗಗಳಿಗೆ 50 ಲಕ್ಷ ರೂಪಾಯಿಗಳವರೆಗೆ ನೆರವು ಸಲ್ಲುವುದು. ಅದರ ಬಾಗಿಲು ಈ ರೋಗಿಗಳಿಗೂ ತೆರೆಯುವಂತೆ ನಮ್ಮ ಶಾಸಕರೂ ಸಂಸತ್ಸದಸ್ಯರೂ ಒತ್ತಾಯಿಸಬೇಕು. ಜಿಲ್ಲೆಯ ಆರೋಗ್ಯಾಧಿಕಾರಿಗಳಂತೂ ದಿಲ್ಲಿಯ ಅಪ್ಪಣೆಗೆ ಕಾಯಬೇಕಾದುದಿಲ್ಲ: ಚೀಟಿಯಿಲ್ಲದೆ ಸ್ಟಿರಾಯ್ಡ್ ಮಾರುವ ಅಂಗಡಿಗಳನ್ನು ಈ ವಾರವೇ ತಪಾಸಣೆ ಮಾಡಿಸಬಹುದು.