ಚೊಗರಿನ ಹೊದಿಕೆಯೂ ಔಷಧದ ಕಣವೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ತೋಟದ ಮನೆಗಳಲ್ಲಿ ಕೊಯ್ಲಿನ ಕಾಲಕ್ಕೆ ಅಡಿಕೆ ಬೇಯಿಸುವುದನ್ನು ನೋಡದವರಾರು? ಸುಲಿದ ಹಸಿಯಡಿಕೆಯನ್ನು ಹಂಡೆಯಲ್ಲಿ ಬೇಯಿಸಿ, ಹಿಂದಿನ ಬೇಯಿಕೆಗಳಿಂದ ಗಟ್ಟಿಯಾಗಿ ಉಳಿದ ಚೊಗರನ್ನು ಅದಕ್ಕೆ ಹಿಡಿಸುವರು. ಒಳಗಿನ ಕಾಯಿ ಅದೇ. ಮೇಲಿನ ತೆಳುವಾದ ಕೆಂಪು ಹೊದಿಕೆಯಿಂದಲೇ ಪೇಟೆಯಲ್ಲಿ ಅದಕ್ಕೆ ಬೆಲೆ. ಈಚಿನ ಔಷಧವಿಜ್ಞಾನದ ಒಂದು ವಿಚಾರವನ್ನು ತಿಳಿಯಲು ನಮಗೆ ಈ ಹಂಡೆಗಿಂತ ಒಳ್ಳೆಯ ಪಾಠಶಾಲೆ ದೊರೆಯಲಿಲ್ಲ.

ಅದನ್ನು ತಿಳಿಯಬೇಕಾಗಿ ಬಂದುದು ಕಳೆದ ಮಳೆಗಾಲದಲ್ಲಿ. ನಮ್ಮ ಬಂಧುಗಳಲ್ಲಿ ಒಬ್ಬ ವೃದ್ಧೆಗೆ ಮೂತ್ರಪಿಂಡದ ಬೇನೆ, ರಕ್ತಹೀನತೆಯೂ ಕೂಡಿತ್ತು. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕಬ್ಬಿಣದ ಔಷಧವನ್ನು ಕೊಡುತ್ತಿದ್ದರು. ಯಾರೋ ಆಕೆಗೆ ‘ನ್ಯಾನೋ ಲೋಹಭಸ್ಮ’ವೆಂದು ಒಂದು ಪೊಟ್ಟಣವನ್ನು ಮಾರಿ, ಇದೂ ಅದೂ ಒಂದೇ ಎಂದಿದ್ದರಂತೆ. “ನೀವು ಸಂಸ್ಕೃತ ಬಲ್ಲವರು, ಹೌದೋ ಅಲ್ಲವೋ ಹೇಳಿ” ಎಂದು ಆಕೆ ಅದನ್ನು ನಮ್ಮ ಮುಂದಿಟ್ಟರು.

ನ್ಯಾನೋ ಎಂಬುದು ಕುಬ್ಜನೆಂಬರ್ಥದ ಗ್ರೀಕ್ ಶಬ್ದದಿಂದ ಬಂದುದು. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ನ್ಯಾನೋಮೀಟರು. ಇಂತಹ ಕಣಗಳಿಗೆ ವಿಜ್ಞಾನಿಗಳು ಬಹಳವಾಗಿ ಬಳಸುವ ಲೋಹದ ಆಕ್ಸೈಡು ಮ್ಯಾಗ್ನಟೈಟು. ಶೃಂಗೇರಿಗೆ ದೂರವಲ್ಲದ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆಯುತ್ತಿದ್ದ ಅದಿರಿನಲ್ಲಿದ್ದುದೂ ಇದೇ. (ಔಷಧಕ್ಕಾಗಿ ಗಣಿಯ ಅದಿರನ್ನು ಕುಟ್ಟುವುದಿಲ್ಲ, ಕಬ್ಬಿಣದ ಲವಣಗಳಿಂದ ಹೊಸದಾಗಿ ಕೂಡಿಸುವರು.) 10–20 ನ್ಯಾನೋಮೀಟರಿನ ಈ ಕಣವು ಅಯಸ್ಕಾಂತದ ಬಳಿ ಕಾಂತವಾಗುವುದು, ಅದನ್ನು ದೂರ ಸರಿಸಿದೊಡನೆ ಕಾಂತತ್ವವನ್ನು ಮರೆತುಬಿಡುವುದು.

ಆದರೆ ಬತ್ತಲೆ ಕಣವು ರಕ್ತದಲ್ಲಿ ಬಾಳದು. ಉಪ್ಪಿನ ಸಂಗದಿಂದ ಕಣಗಳು ಗಂಟುಕಟ್ಟುವುವು. ರಕ್ತದ ಪ್ರೋಟೀನುಗಳು ಮುತ್ತುವುವು. ಯಕೃತ್ತು ಪ್ಲೀಹಗಳ ಕಾವಲು ಕೋಶಗಳು ನುಂಗಿಬಿಡುವುವು. ಆದುದರಿಂದ ಹೊದಿಕೆ. ಸಕ್ಕರೆಯ ಸರಪಣಿಯಾದ ಡೆಕ್ಸ್‌ಟ್ರಾನ್, ಸೀಗಡಿ ಏಡಿಗಳ ಚಿಪ್ಪಿನಿಂದ ತೆಗೆದ ಕೈಟೊಸಾನ್, ಸಿಲಿಕಾ, ಹೀಗೆ ಹಲವು. ಟ್ಯಾನಿನ್ನೂ ಉಂಟು, ಚೊಗರಿನ ಒಗರಿಗೆ ಕಾರಣವಾದುದು ಇದೇ ಜಾತಿಯ ದ್ರವ್ಯ. ಅದು ಕಬ್ಬಿಣವನ್ನು ಹೇಗೆ ಅಪ್ಪುವುದೆಂಬುದಕ್ಕೆ ಹಸಿಯಡಿಕೆ ಸುಲಿದ ಕತ್ತಿ ಕಪ್ಪಾಗುವುದೇ ಸಾಕ್ಷಿ. ಅಳಲೆಕಾಯಿಗೆ ಅನ್ನಭೇದಿ ಬೆರಸಿ ಹಿರಿಯರು ಶಾಯಿ ಮಾಡುತ್ತಿದ್ದುದೂ ಹೀಗೆಯೇ.

ಹೊದಿಕೆಯ ಎರಡನೆಯ ಕೆಲಸ ಹೊರೆ ಹೊರುವುದು. ಡಾಕ್ಸೊರೂಬಿಸಿನ್ ಎಂಬ ಅರ್ಬುದರೋಗದ ಮದ್ದನ್ನು ಅದರಲ್ಲಿ ಕಟ್ಟಿಡುವರು. ಆ ಕಟ್ಟು ರಕ್ತದಲ್ಲಿ ನಿಂತು, ಗಡ್ಡೆಯ ಕೊಂಚ ಹುಳಿಯಾದ ಪರಿಸರದಲ್ಲಿ ಬಿಚ್ಚಿಕೊಳ್ಳುವಂತೆ ಹವಣಿಸುವರು. ಸಡಿಲವಾದರೆ ದಾರಿಯಲ್ಲೇ ಚೆಲ್ಲುವುದು. ಬಿಗಿಯಾದರೆ ಎಲ್ಲಿಯೂ ಬಿಚ್ಚದು. ಈ ವಿದ್ಯೆ ಇನ್ನೂ ಬಹುಮಟ್ಟಿಗೆ ಪ್ರಯೋಗದಲ್ಲಿಯೇ ಇದೆ. ಕಬ್ಬಿಣವೇ ಮದ್ದಾಗಿ, ಸಕ್ಕರೆಯ ಜಾತಿಯ ದ್ರವ್ಯವು ಹೊದಿಕೆಯಾದ ಫೆರುಮಾಕ್ಸಿಟಾಲಿಗೆ ಅಮೆರಿಕದಲ್ಲಿ 2009ರಲ್ಲಿ, ಮೂತ್ರಪಿಂಡದ ರೋಗಿಗಳ ರಕ್ತಹೀನತೆಗೆಂದು, ಅನುಮತಿ ದೊರೆಯಿತು. ಕೆಲವರಿಗೆ ಪ್ರಾಣಾಂತಿಕವಾದ ಅಲರ್ಜಿ ಉಂಟಾದುದರಿಂದ 2015ರಲ್ಲಿ ಕಠಿಣ ಎಚ್ಚರಿಕೆಯನ್ನು ಸೇರಿಸಿದರು. ನಮ್ಮ ವೃದ್ಧೆಗೆ ಕೊಡುತ್ತಿದ್ದ ಐರನ್ ಸುಕ್ರೋಸ್ ಕೂಡ ಸಕ್ಕರೆಯನ್ನು ಹೊದ್ದ ಕಬ್ಬಿಣವೇ.

ನಮ್ಮ ರಸಶಾಸ್ತ್ರವು ಭಸ್ಮದ ನುಣುಪನ್ನು ಚೆನ್ನಾಗಿ ಪರೀಕ್ಷಿಸಿತು: ಬೆರಳ ಗೆರೆಗಳಲ್ಲಿ ತುಂಬಿದರೆ ರೇಖಾಪೂರ್ಣ, ನಿಂತ ನೀರಿನ ಮೇಲೆ ತೇಲಿದರೆ ವಾರಿತರ. ಹೆಮ್ಮೆಪಡತಕ್ಕದ್ದೇ. ಆದರೆ ನುಣುಪು ಬೇರೆ, ಹೊದಿಕೆ ಬೇರೆ. ನುಂಗುವ ಭಸ್ಮ ಬೇರೆ, ರಕ್ತಕ್ಕೆ ಬಿಡುವ ಔಷಧ ಬೇರೆ. ಹೆಸರು ಹೊಂದಿದ ಮಾತ್ರಕ್ಕೆ ದ್ರವ್ಯ ಹೊಂದುವುದಿಲ್ಲ.

“ಒಂದಲ್ಲ, ವೈದ್ಯರಿಗೆ ತೋರಿಸದೆ ತೆಗೆದುಕೊಳ್ಳಬೇಡಿ” ಎಂದೆವು. ಆಕೆ ಪೊಟ್ಟಣವನ್ನು ಸೆರಗಿಗೆ ಗಂಟುಹಾಕಿಕೊಂಡು, “ಹಾಗಾದರೆ ಕೊಟ್ಟ ಹಣ?” ಎಂದು ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.