ಕಣಜಕ್ಕೆ ಸಕ್ಕರೆ ಯಾಕೆ?

ಸಿಂಧನೂರಿನ ಪ್ರೌಢಶಾಲೆಯೊಂದರಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಜೈವಿಕ ಕೀಟ ನಿಯಂತ್ರಣದ ಪಾಠ ಮಾಡುತ್ತಿದ್ದರು. “ಪರತಂತ್ರ ಕಣಜಗಳು ರೈತನ ಮಿತ್ರರು” ಎಂದೊಡನೆ ಹಿಂದಿನ ಸಾಲಿನಿಂದ ಪ್ರಶ್ನೆ ಬಂತು: “ಸರ, ಕಣಜ ಅಂದ್ರ ಭತ್ತ ತುಂಬೋದಲ್ರೀ?” ಭತ್ತದ ನಾಡಿನಲ್ಲಿ ಬರಬೇಕಾದ ಪ್ರಶ್ನೆಯೇ ಅದು. ಕಡಜ ಎಂದಿದ್ದರೆ ಮಕ್ಕಳಿಗೆ ತಟ್ಟನೆ ತಿಳಿಯುತ್ತಿತ್ತು.

ಎರಡನೆಯ ಪ್ರಶ್ನೆ ಗಟ್ಟಿಯಾಗಿತ್ತು. “ಅದು ಹುಳದ ತತ್ತಿ ತಿಂದು ಬೆಳೀತದ ಅಂದ್ರಿ. ಮತ್ತ ಸಕ್ಕರಿ ನೀರು ಯಾಕ ಇಟ್ಟೀರಿ?” ಪ್ರಶಿಕ್ಷಣಾರ್ಥಿ “ಶಕ್ತಿಗಾಗಿ” ಎಂದು ಮುಂದೆ ಹೋದರು. ಉತ್ತರ ತಪ್ಪಲ್ಲ, ಸಾಲದು.

ತತ್ತಿ ತಿನ್ನುವುದು ಮರಿ. ಸಕ್ಕರೆ ಬೇಕಾದದ್ದು ರೆಕ್ಕೆ ಬಂದ ಪ್ರೌಢ ಕಣಜಕ್ಕೆ. ಟ್ರೈಕೋಗ್ರಾಮ ಎಂಬ ಕಣಜ ಅರ್ಧ ಮಿಲಿಮೀಟರ್ ಉದ್ದವಿದ್ದರೆ ಹೆಚ್ಚು. ಕಾಂಡ ಕೊರೆಯುವ ಹುಳುವಿನ ಪತಂಗ ಇಟ್ಟ ತತ್ತಿಯೊಳಗೆ ತನ್ನ ತತ್ತಿ ಇಡುತ್ತದೆ. ಮರಿ ಒಳಗಿನದನ್ನೆಲ್ಲ ತಿಂದು ಕಣಜವಾಗಿ ಹೊರಬರುತ್ತದೆ. ಮರಿಯಾಗಿದ್ದಾಗ ಕೂಡಿಟ್ಟ ಕೊಬ್ಬೇ ಅದರ ಗಂಟು. ಹೆಚ್ಚಿನ ಪರತಂತ್ರ ಕಣಜಗಳು ಪ್ರೌಢಾವಸ್ಥೆಯಲ್ಲಿ ಸಕ್ಕರೆಯಿಂದ ಹೊಸ ಕೊಬ್ಬು ಕಟ್ಟಲಾರವು. ಸಕ್ಕರೆ ಸಿಕ್ಕರೆ ಹಾರಾಟದ ಖರ್ಚು ಅದರಲ್ಲೇ ನಡೆದು ಗಂಟು ನಿಧಾನವಾಗಿ ಕರಗುತ್ತದೆ. ಏನೂ ಸಿಗದ ಟ್ರೈಕೋಗ್ರಾಮ ಎರಡು ಮೂರು ದಿನದಲ್ಲಿ ಸಾಯುತ್ತದೆ. ಜೇನು ಸಿಕ್ಕದ್ದು ವಾರಕ್ಕೂ ಮೇಲೆ ಬದುಕಬಲ್ಲದು.

ಇನ್ನು ಪ್ರಯೋಗದ ಮಾತು. ಅವರು ಎರಡು ಗಾಜಿನ ನಳಿಕೆ ಇಟ್ಟಿದ್ದರು: ಒಂದರಲ್ಲಿ ಸಕ್ಕರೆ ನೀರಿನ ಹತ್ತಿ, ಇನ್ನೊಂದು ಒಣಗಿದ್ದು. ಸಕ್ಕರೆಯ ನಳಿಕೆಯವು ಹೆಚ್ಚು ದಿನ ಬದುಕಿದರೆ ಅದು ಸಕ್ಕರೆಯಿಂದಲೋ, ನೀರಿನಿಂದಲೋ? ನಮ್ಮ ಬಿಸಿಲಿನಲ್ಲಿ ಬಾಯಾರಿ ಸಾಯುವುದೂ ಉಂಟು. ಬರೀ ನೀರಿನ ಮೂರನೆಯ ನಳಿಕೆ ಇಲ್ಲದೆ ಈ ಪ್ರಯೋಗ ಏನನ್ನೂ ಹೇಳುವುದಿಲ್ಲ. ಪಾಠ ವೀಕ್ಷಣೆಯ ಪುಟದಲ್ಲಿ ನಾನು ಇದೊಂದನ್ನೇ ಕೆಂಪು ಶಾಯಿಯಲ್ಲಿ ಬರೆದೆ. ಕಣಜ ತುಂಬಿದ ಟ್ರೈಕೋಕಾರ್ಡಿನ ಸಣ್ಣ ತುಂಡೊಂದು ಮೂರಕ್ಕೂ ಸಾಕು. ಸಕ್ಕರೆ ಹನಿ ಕಟ್ಟುವಂತಿರಬಾರದು. ಇಷ್ಟು ಸಣ್ಣ ಜೀವ ಅದರಲ್ಲೇ ಅಂಟಿ ಸಾಯುತ್ತದೆ.

ಹೆಚ್ಚು ದಿನ ಬದುಕಿದ ಕಣಜ ಹೆಚ್ಚು ಕೀಟ ಕೊಲ್ಲುತ್ತದೆ ಎಂದು ಮಕ್ಕಳಿಗೆ ಹೇಳುವ ಮುನ್ನ ತಡೆಯಿರಿ. ಟ್ರೈಕೋಗ್ರಾಮ ಹೊರಬರುವಾಗಲೇ ಬಹಳಷ್ಟು ತತ್ತಿಗಳು ಸಿದ್ಧವಿರುತ್ತವೆ. ಸುತ್ತ ಪತಂಗದ ತತ್ತಿ ಹೇರಳವಾಗಿದ್ದರೆ ಮೊದಲ ದಿನಗಳಲ್ಲೇ ಹೆಚ್ಚಿನವನ್ನು ಇಟ್ಟು ಮುಗಿಸುತ್ತದೆ. ತತ್ತಿ ವಿರಳವಾಗಿ ಹುಡುಕಾಟ ಉದ್ದವಾದಾಗ ಸಕ್ಕರೆಯ ಬೆಲೆ ತಿಳಿಯುತ್ತದೆ.

ಹೊಲದಲ್ಲಿ ಸಕ್ಕರೆ ಎಲ್ಲಿದೆ? ಇಲ್ಲಿ ನಮ್ಮ ಮೂರು ತಾಲ್ಲೂಕುಗಳೇ ಪಾಠೋಪಕರಣ. ಲಿಂಗಸುಗೂರು, ಮಸ್ಕಿ ಕಡೆಯ ಹತ್ತಿಯ ಎಲೆ ಮಗುಚಿ ನೋಡಿ: ನಡುನರದ ಮೇಲೆ ಸಣ್ಣ ಗುಳಿಯೊಂದಿದೆ, ಅದರಿಂದ ಸಿಹಿರಸ ಒಸರುತ್ತದೆ. ಹೂ ಬಿಡದಿದ್ದರೂ ಊಟ ಸಿದ್ಧ. ಔಡಲದ ಎಲೆತೊಟ್ಟಿನಲ್ಲೂ ಅಂಥ ಗ್ರಂಥಿಗಳಿವೆ. ಅಲಸಂದಿಯೂ ಹೂವಿನ ಹೊರಗೆ ಮಕರಂದ ಕೊಡುತ್ತದೆ. ಸಿಂಧನೂರಿನ ಕಾಲುವೆ ನೀರಿನ ಭತ್ತದಲ್ಲಿ ಹಾಗಿಲ್ಲ. ಭತ್ತದ ಹೂವಿನಲ್ಲಿ ಮಕರಂದವಿಲ್ಲ. ಕೀಟಗಳು ವಿಸರ್ಜಿಸುವ ಸಿಹಿ ಅಂಟು ಬಿಟ್ಟರೆ ಕಣಜ ಬದುವಿನ ಹೂವನ್ನೇ ನೆಚ್ಚಬೇಕು; ಆ ಬದುವನ್ನು ನಾವು ಕಳೆನಾಶಕ ಹೊಡೆದು ಬೋಳಿಸಿರುತ್ತೇವೆ.

ಚೀನಾ, ವಿಯೆಟ್ನಾಂ, ಥಾಯ್ಲೆಂಡ್‌ಗಳ ಭತ್ತದ ಗದ್ದೆಗಳ ಬದುಗಳಲ್ಲಿ ಎಳ್ಳಿನಂಥ ಹೂಬೆಳೆ ಬೆಳೆಸಿ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಕೀಟನಾಶಕ ಸಿಂಪಡಣೆ ಶೇ. 70ರಷ್ಟು ಇಳಿದು, ಇಳುವರಿ ಶೇ. 5ರಷ್ಟು ಏರಿತ್ತು. ಎಳ್ಳು ನಮಗೆ ಹೊಸದಲ್ಲ, ಬದುವಿನಲ್ಲಿ ಬಿತ್ತುವ ಕಾರಣ ಹೊಸದು.

ಹೊಲಕ್ಕೆ ಮಕ್ಕಳನ್ನು ಕರೆದೊಯ್ಯುವ ಮುನ್ನ ಔಷಧಿ ಹೊಡೆದು ಎಷ್ಟು ದಿನವಾಯಿತೆಂದು ರೈತರನ್ನು ಕೇಳಿಕೊಳ್ಳಿ. ಅದಕ್ಕಿಂತ, ಶಾಲೆಯ ಅಂಗಳದಲ್ಲಿ ನಾಲ್ಕು ಹತ್ತಿ ಬೀಜ ಊರುವುದು ಮೇಲು. ಬೆಳಗಿನ ಮೊದಲ ಅವಧಿಯಲ್ಲಿ ಭೂತಗನ್ನಡಿ ಹಿಡಿದು ಎಲೆಯ ಬೆನ್ನು ನೋಡಲಿ. ಮೊದಲು ಕಾಣುವುದು ಇರುವೆ, ಕಣಜವಲ್ಲ. “ಇರುವಿ ಯಾಕ ಬಂದಾವ?” ಎಂದು ಅವರು ಕೇಳುವವರೆಗೆ ಕಾಯಿರಿ.